ಕಂಬದ ಬುಡದ ಚರಗ

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಹಟದ ಕಾಯಿಲೆಯೂ ಇದೆ. ಮೊದಲನೆಯದಕ್ಕೆ ಗುಳಿಗೆ ಸಿಗುತ್ತದೆ. ಕಳೆದ ಎಳ್ಳ ಅಮಾವಾಸ್ಯೆಯ ದಿನ ಇವೆರಡೂ ಸೇರಿಕೊಂಡು ಪುಣೆಯ ಹಿಂಜವಾಡಿ ರಸ್ತೆಯ ನಟ್ಟನಡುವೆ ನನ್ನನ್ನು ಅಳಿಸಿದವು. ನಾನು ಸುಲಭಕ್ಕೆ ಅಳುವವಳಲ್ಲ, ಬೈಯುವವಳು.

ಅತ್ತೆ ಕಲಬುರಗಿ ಕಡೆಯವರು. ಕಟ್ಟಡದ ಕಂತ್ರಾಟುದಾರರೊಬ್ಬರ ಹತ್ತಿರ ಗುಮಾಸ್ತರಾಗಿದ್ದ ಮಾವನವರ ಹಿಂದೆ ಪುಣೆಗೆ ಬಂದರು. ಮಾವ ತೀರಿಕೊಂಡ ಮೇಲೂ ಇಲ್ಲೇ ನಮ್ಮ ಜೊತೆ ಇದ್ದಾರೆ. ನಾನು ಪುಣೆಯ ಪೇಟೆಯಲ್ಲೇ ಹುಟ್ಟಿದವಳು. ಅಪ್ಪನದು ಬಟ್ಟೆ ಅಂಗಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಣ್ಣು ಅಂದರೆ ಚಪ್ಪಲಿಗೆ ಅಂಟಿಕೊಂಡು ಒಳಗೆ ಬಂದು ನೆಲ ಹೊಲಸು ಮಾಡುವ ಪದಾರ್ಥ ಎಂದಷ್ಟೇ ತಿಳಿದು ಬೆಳೆದೆ. ಚರಗ ಎನ್ನುವುದನ್ನು ಕಣ್ಣಾರೆ ಕಂಡದ್ದು ಮದುವೆಯಾದ ಮೇಲೆ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಜೋಳ ತೆನೆ ಕಟ್ಟುತ್ತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ಅತ್ತೆಯ ಲೆಕ್ಕ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಕಡುಬು, ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಅಷ್ಟನ್ನೂ ಒಂದರಲ್ಲಿ ಕಲಸಿ, ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಮಣ್ಣಿಗೆ ಎರಚುತ್ತ ಹೋದರೆ, ಇನ್ನೊಬ್ಬರು ‘ಸಲಾಂಬ್ರಿಗೋ’ ಎಂದು ಉತ್ತರ ಕೊಡುತ್ತ ಹಿಂದಿನಿಂದ ನೀರು ಚಿಮುಕಿಸಬೇಕು. ಇದೇ ಚರಗ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಆ ಕೂಗಿನ ಅರ್ಥ ಏನು ಅಂತ ಮೊದಲ ವರ್ಷ ಕೇಳಿದ್ದೆ. “ಅರ್ಥ ತಗೊಂಡು ಏನ್ ಮಾಡ್ತಿ? ಒದರು ಅಂದ್ರ ಒದರು” ಅಂದರು. ನಾನು ಒದರಲಿಲ್ಲ, ನಾಚಿಕೆಯಾಯಿತು. ಅಂದಿನಿಂದ ಪ್ರತಿ ವರ್ಷವೂ ಕೂಗು, ಉತ್ತರ ಎರಡೂ ಅತ್ತೆಯದೇ, ನೀರಿನ ತಂಬಿಗೆ ಮಾತ್ರ ನನ್ನದು.

ಪುಣೆಯ ಅಂಚಿನ ವಾಕಡದಲ್ಲಿ ನಾವು ಫ್ಲ್ಯಾಟು ತೆಗೆದುಕೊಂಡಾಗ ಕಟ್ಟಡದ ಹಿಂದೆ ನಿಜವಾದ ಹೊಲವಿತ್ತು. ಬಿಲ್ಡರನ ಬಣ್ಣದ ಪುಸ್ತಕದಲ್ಲಿ ಹೊಲ ಇರಲಿಲ್ಲ, ಮೆಟ್ರೊ ಇತ್ತು. ನಿಲ್ದಾಣಕ್ಕೆ ಕಾಲ್ನಡಿಗೆಯ ದೂರ ಎಂದು ಬರೆದು, ಮರದ ನೆರಳಲ್ಲಿ ನಗುತ್ತ ನಡೆಯುವ ಒಂದು ಜೋಡಿಯ ಚಿತ್ರ ಹಾಕಿದ್ದರು. ಆ ಚಿತ್ರ ನೋಡಿಯೇ ನಾನು ಮರುಳಾದೆ. ಅತ್ತೆ ಮಾತ್ರ ಅಡಿಗೆಮನೆಯ ಕಿಟಕಿಯಿಂದ ಹಿಂದಿನ ಜೋಳ ನೋಡಿ, ಇದೇ ಮನೆ ಇರಲಿ ಅಂದರು. ನಾವಿಬ್ಬರೂ ಒಪ್ಪಿದ್ದು ಅದೊಂದೇ ಸಲ, ಅದೂ ಬೇರೆ ಬೇರೆ ಕಾರಣಕ್ಕೆ.

ಎರಡು ಮೂರು ಅಮಾವಾಸ್ಯೆ ಆ ಹೊಲದಲ್ಲೇ ನಡೆಯಿತು. ಆಮೇಲೆ ಹೊಲದ ಯಜಮಾನ, ಮರಾಠಿ ರೈತ, ಜಾಗ ಬಿಲ್ಡರನಿಗೆ ಮಾರಿ ಊರೊಳಗೆ ಹೋಗುತ್ತೇನೆಂದು ಹೇಳಲು ಬಂದ. ಬಾಗಿಲಲ್ಲೇ ನಿಂತಿದ್ದವನನ್ನು ಅತ್ತೆ ಕೈಹಿಡಿದು ಒಳಗೆ ಕರೆದು ಕೂರಿಸಿದರು. ಅವರ ಪದ್ಧತಿಯೇ ಹಾಗೆ. ಮನೆ ಬಿಟ್ಟು ಹೋಗುವವರು ಯಾರೇ ಇರಲಿ, ಉಣ್ಣದೆ ಹೋಗುವಂತಿಲ್ಲ. ರಾಂಜಣಗಾಂವದ ಕಾರ್ಖಾನೆಗೆ ಮುಂಜಾನೆ ಕಂಪನಿ ಬಸ್ಸು ಹಿಡಿಯುವ ನನ್ನ ಗಂಡ ಕೂಡ ನಿದ್ದೆಗಣ್ಣಲ್ಲಿ ಎರಡು ರೊಟ್ಟಿ ನುಂಗಿಯೇ ಹೊರಡಬೇಕು. ಆ ರೈತನಿಗೂ ಅಂದರು, “ಉಂಡ ಹೋಗಪ್ಪಾ.” ಅವನಿಗೆ ಕನ್ನಡ ಬಾರದು, ಆದರೂ ಉಂಡ, ತಲೆ ಎತ್ತದೆ ಉಂಡು ಹೋದ.

ಹೊಲದ ಮೇಲೆ ಎರಡು ಟವರು ಎದ್ದವು. ಕಿಟಕಿಗೆ ಈಗ ಬೇರೆಯವರ ಅಡಿಗೆಮನೆ ಕಾಣುತ್ತದೆ. ಒಂದು ವರ್ಷ ಅತ್ತೆ ಸೊಸೈಟಿಯ ಹುಲ್ಲಿನ ಮೇಲೆ ಚರಗ ಚೆಲ್ಲಿದರು. ಪಾರಿವಾಳ ಸೇರುತ್ತವೆ, ಇಲಿ ಬರುತ್ತವೆ ಎಂದು ಕಮಿಟಿಯವರು ಫಲಕದ ಮೇಲೆ ಬರೆದು ಹಾಕಿದರು. ಆ ಹುಲ್ಲಿನ ಕೆಳಗೆ ಇರುವುದು ಮಣ್ಣಲ್ಲ, ಕಾರುಗಳು ಎನ್ನುವುದು ಅತ್ತೆಗೆ ಆವತ್ತೇ ಗೊತ್ತಾದದ್ದು. ಮುಂದಿನ ವರ್ಷ ನಾನು ಬಾಲ್ಕನಿಯ ಕುಂಡಗಳನ್ನು ಸಾಲಾಗಿ ಜೋಡಿಸಿ ಕೊಟ್ಟೆ. “ಪಾಕೀಟಿನ್ಯಾಗ ತಂದ ಮಣ್ಣು ಯಾವಾಗ ಬಸರಾಗಿತ್ತವಾ?” ಎಂದು ನನ್ನ ಮುಖಕ್ಕೇ ಕೇಳಿದರು. ಕೊನೆಗೆ ನಮಗೆ ಹಾಲು ಹಾಕುವವರು ದಾರಿ ತೋರಿಸಿದರು. ಹಿಂಜವಾಡಿ ದಾಟಿ ಮಾಣ ಊರಿನ ಹತ್ತಿರ ಅವರದೊಂದು ತುಂಡು ಜೋಳದ ಹೊಲ ಇನ್ನೂ ಉಳಿದಿತ್ತು. ಅಲ್ಲಿಗೆ ಹೋಗಲು ಶುರು ಮಾಡಿದೆವು.

ಕಳೆದ ಸಲದ ಅಮಾವಾಸ್ಯೆ ಕೆಲಸದ ದಿನ ಬಂತು. ಹಿಂಜವಾಡಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ನಾನು ರಜೆ ಹಾಕಿದೆ. ದಿನಾ ಕಷ್ಟಪಟ್ಟು ಹೋಗುವ ಅದೇ ರಸ್ತೆಗೆ ರಜೆಯ ದಿನವೂ ಹೋಗುವುದೆಂದರೆ ನನ್ನ ಹಣೆಬರಹ. ಅಡಿಗೆ ಮುಗಿಸಿ, ಬುಟ್ಟಿಗೆ ಬಿಳಿ ಬಟ್ಟೆ ಕಟ್ಟಿ, ಹಿಂದಿನ ಸೀಟಿನಲ್ಲಿ ಅತ್ತೆಯನ್ನೂ ಬುಟ್ಟಿಯನ್ನೂ ಕೂರಿಸಿ ಕಾರು ತೆಗೆದೆ. ಆಫೀಸಿನ ಭರಾಟೆ ಇಳಿದಿರುತ್ತದೆ, ಮಧ್ಯಾಹ್ನದೊಳಗೆ ಮುಟ್ಟುತ್ತೇವೆ ಎಂದು ಲೆಕ್ಕ ಹಾಕಿದ್ದೆ.

ಲೆಕ್ಕ ತಪ್ಪಿತು. ಹೆದ್ದಾರಿಯ ಕೆಳಗೆ ದಾಟಿ ಸ್ವಲ್ಪ ಮುಂದೆ ಹೋದದ್ದೇ ತಡ, ಎಲ್ಲ ನಿಂತಿತು. ಮುಂದೆ ಎಲ್ಲೋ ಒಂದು ಲಾರಿ ಕೆಟ್ಟಿದೆಯಂತೆ. ಎಡಕ್ಕೆ ಅಗೆದ ಚರಂಡಿ, ಬಲಕ್ಕೆ ಮೆಟ್ರೊದವರ ತಗಡಿನ ಬೇಲಿ, ಮುಂದೆ ಕಂಪನಿಯ ಬಸ್ಸು, ಹಿಂದೆ ಕಾಂಕ್ರೀಟು ತಿರುಗಿಸುವ ದೊಡ್ಡ ವಾಹನ. ತಿರುಗಿಸಿಕೊಂಡು ಮನೆಗೆ ಹೋಗೋಣ ಅಂದರೆ ತಿರುವು ಇರುವುದು ಆ ಕೆಟ್ಟ ಲಾರಿಯ ಆಚೆಗೆ. ಬಾಗಿಲು ಪೂರ್ತಿ ತೆಗೆಯಲೂ ಜಾಗವಿರಲಿಲ್ಲ. ಈ ರಸ್ತೆಯಲ್ಲಿ ಸಿಕ್ಕಿಬೀಳುವುದು ನನಗೆ ಹೊಸದಲ್ಲ. ಇಲ್ಲಿ ಕೂತೇ ಮಗಳ ಹೋಂವರ್ಕು ಫೋನಿನಲ್ಲಿ ಮಾಡಿಸಿದ್ದೇನೆ, ಇಲ್ಲಿ ಕೂತೇ ಚಿಕ್ಕಪ್ಪ ತೀರಿಕೊಂಡ ಸುದ್ದಿ ಕೇಳಿದ್ದೇನೆ. ಆದರೆ ಅಂದೆಲ್ಲ ಸಿಕ್ಕಿಬಿದ್ದದ್ದು ನಾನೊಬ್ಬಳೇ.

ಬಿಸಿಲು ನೆತ್ತಿಗೆ ಬಂದು, ನೆತ್ತಿಯಿಂದ ಇಳಿಯತೊಡಗಿತು. ತಲೆಯ ಮೇಲೆ ಮೆಟ್ರೊದ ಸೇತುವೆ ಇತ್ತು. ನಿಲ್ದಾಣಗಳಿಗೆ ಬಣ್ಣ ಬಂದಿದೆ, ಜನರಿಗೆ ಬಾಗಿಲು ತೆರೆದಿಲ್ಲ. ಪರೀಕ್ಷೆಗೆಂದು ಖಾಲಿ ರೈಲು ಓಡಿಸುತ್ತಾರೆ. ಅಂದೂ ಒಂದು ಬಂತು. ಸಾಲು ಸಾಲು ಖಾಲಿ ಸೀಟು ಹೊತ್ತುಕೊಂಡು, ನಾವು ಮುಟ್ಟಬೇಕಾದ ದಿಕ್ಕಿಗೇ ತಣ್ಣಗೆ ಜಾರಿ ಹೋಯಿತು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕನ್ನಡ ಮರಾಠಿ ಎರಡರಲ್ಲೂ ಬೈದೆ.

“ರೈಲಿಗೆ ಬೈದ್ರ ಏನ್ ಆಗ್ತದ?” ಹಿಂದಿನಿಂದ ಅತ್ತೆಯ ದನಿ ಬಂತು. ದನಿ ಎಂದಿನಂತಿರಲಿಲ್ಲ, ನಾಲಗೆ ದಪ್ಪಗಾದಂತೆ ತೊದಲುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಹಣೆಯ ಮೇಲೆ ಬೆವರು, ಬುಟ್ಟಿಯ ಮೇಲಿಟ್ಟ ಬೆರಳು ನಡುಗುತ್ತಿದ್ದವು.

“ಅತ್ತೀ, ಮುಂಜಾನೆ ಏನ್ ತಿಂದೀರಿ?”

“ಚರಗಾ ಚೆಲ್ಲದ ಹ್ಯಾಂಗ ತಿನ್ನಲಿ? ಚಾ ಕುಡದೀನಿ.”

“ಗುಳಿಗಿ?”

“ಅದನ್ನ ನುಂಗೀನಿ. ದಿನಾ ಗುಳಿಗಿ ಗುಳಿಗಿ ಅಂತ ಜೀವಾ ತಿಂತೀಯಲ್ಲ.”

ಸಕ್ಕರೆ ಇಳಿಸುವ ಗುಳಿಗೆ ಒಳಗೆ, ಅನ್ನ ಮಾತ್ರ ಬುಟ್ಟಿಯಲ್ಲಿ. ಹಿಂದಿನ ವರ್ಷ ಹೀಗೇ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದಿದ್ದರು, ದವಾಖಾನೆಯಲ್ಲಿ ಎಚ್ಚರ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ ಎಂದು ವೈದ್ಯರು ನನ್ನನ್ನು ಕರೆದು ಹೇಳಿದ್ದರು. ಪರ್ಸಿನಿಂದ ಚಾಕೊಲೇಟು ತೆಗೆದು ಹಿಂದಕ್ಕೆ ಚಾಚಿದೆ. ಬಾಯಿ ಬಿಗಿದುಕೊಂಡು ಮುಖ ತಿರುಗಿಸಿದರು. ಹೋಳಿಗೆ ನಿಮ್ಮ ಕೈಯಲ್ಲೇ ಇದೆ, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡೆ.

“ಬಸರಿ ಹೆಣ್ಮಗಳು ಹಸದು ಕುಂತಾಗ ಮನ್ಯಾಗಿನ ಮುದುಕಿ ಮೊದಲ ಉಣ್ಣಬೇಕೇನು?”

“ನೀವು ಸತ್ತರೆ ಯಾವ ಬಸುರಿ ಬರ್ತಾಳ್ರೀ ನಿಮ್ಮನ್ನ ಎಬ್ಬಿಸಲಿಕ್ಕೆ?” ಕಿರುಚಿದೆ. ಪಕ್ಕದ ಸ್ಕೂಟರಿನವನು ಬೆಚ್ಚಿ ನೋಡಿದ. ಎಲ್ಲೋ ಹಿಂದೆ ಆಂಬುಲೆನ್ಸೊಂದು ಕೂಗುತ್ತಿತ್ತು, ಅದೂ ಕೂತಲ್ಲೇ ಕೂಗುತ್ತಿತ್ತು. ಅದನ್ನು ಕೇಳಿದಾಗ ನನಗೆ ಪೂರ್ತಿ ಅರ್ಥವಾಯಿತು. ಇವರಿಗೆ ಇಲ್ಲಿ ಏನಾದರೂ ಆದರೆ ಯಾರೂ ಬರಲಾರರು, ನಾನೂ ಎಲ್ಲಿಗೂ ಒಯ್ಯಲಾರೆ. ಮನೆ ಹಿಂದೆ, ಹೊಲ ಮುಂದೆ, ದವಾಖಾನೆ ಎರಡರ ನಡುವೆ ಎಲ್ಲೋ. ನಮ್ಮ ಪಾಲಿಗೆ ಇದ್ದದ್ದು ಕಾರಿನ ಅಗಲ ಮಾತ್ರ. ಸ್ಟೀರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟೆ, ಹೆದರಿ ಅತ್ತುಬಿಟ್ಟೆ.

ತಲೆ ಎತ್ತಿದಾಗ ಬಲಗಡೆ ತಗಡಿನ ಬೇಲಿಯಲ್ಲಿ ಒಂದು ಸಂದು ಕಂಡಿತು. ಒಂದು ತಗಡು ವಾಲಿ, ಆಚೆಗೆ ಕಂಬದ ಬುಡ ಕಾಣುತ್ತಿತ್ತು. ಬುಡದ ಸುತ್ತ ಮಣ್ಣು. ಪಾಕೀಟಿನದಲ್ಲ, ಕರಿಮಣ್ಣು, ಆಳದಿಂದ ಎತ್ತಿ ಹಾಕಿದ್ದು, ಇನ್ನೂ ಹಸಿ ಇತ್ತು.

ಎಂಜಿನ್ ಆರಿಸಿದೆ. ಕಿರಿದಾದ ಬಾಗಿಲಿನಿಂದ ಹೇಗೋ ಹೊರಬಿದ್ದು, ಬುಟ್ಟಿಯನ್ನು ಒಂದು ಕೈಯಲ್ಲಿ, ಅತ್ತೆಯ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆದೆ. “ಇದು ಹೊಲ ಅಲ್ಲ” ಅಂದರು. “ಹೊಲಾನೇ ಇತ್ತು ಅತ್ತೀ. ಈ ರಸ್ತಾ ಬರೂಕ್ಕಿಂತ ಮೊದಲು ಇದೆಲ್ಲಾ ಹೊಲಾನೇ ಇತ್ತು” ಅಂದೆ. ಅವರು ಬಗ್ಗಿ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಹಿಚುಕಿ ನೋಡಿದರು. ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕೂತು, “ಕಲಸು” ಅಂದರು.

ಕಲಸಿದೆ. ಅವರು ಬಾಯಿ ತೆರೆದರು, ಕೂಗು ಬರಲಿಲ್ಲ. ತುಟಿ ಅಲುಗಿತು ಅಷ್ಟೇ. ಕೂಗದೆ ಚೆಲ್ಲಿದರೆ ಅವರು ಉಣ್ಣುವುದಿಲ್ಲ, ಅದು ನನಗೆ ಗೊತ್ತು. ಬೇಲಿಯ ಸಂದಿನಲ್ಲಿ ನೂರು ಕಣ್ಣು ನಮ್ಮನ್ನೇ ನೋಡುತ್ತಿದ್ದವು, ಅದರಲ್ಲಿ ನನ್ನ ಆಫೀಸಿನವರೂ ಇದ್ದಿರಬಹುದು. ಇಷ್ಟು ವರ್ಷ ಉಳಿಸಿಕೊಂಡ ನಾಚಿಕೆಯನ್ನೆಲ್ಲ ಅಲ್ಲೇ ಬಿಟ್ಟೆ. ಮುಷ್ಟಿ ತುಂಬ ಎತ್ತಿ ಎರಚಿ, ಗಂಟಲು ಹರಿಯುವಂತೆ ಕೂಗಿದೆ.

“ಹುಲ್ಲುಲ್ಲಿಗೋ!”

ಉತ್ತರ ಕೊಡಬೇಕಾದ ಅತ್ತೆ ಕಣ್ಣು ಮುಚ್ಚಿದ್ದರು. ಒಂದು ಕ್ಷಣ ಹಾರನ್ನುಗಳು ಮಾತ್ರ ಕೇಳಿಸಿದವು. ಆಮೇಲೆ ಮುಂದಿನ ಕಂಬದ ಮರೆಯಿಂದ, ಹೆಂಗಸಿನ ದನಿಯಲ್ಲಿ ಬಂತು.

“ಸಲಾಂಬ್ರಿಗೋ!”

ಮತ್ತೊಮ್ಮೆ ಕೂಗಿದೆ, ಈ ಸಲ ಮೂರು ನಾಲ್ಕು ದನಿ ಒಟ್ಟಿಗೆ ಉತ್ತರಿಸಿದವು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ, ತಲೆಗೆ ಹಳದಿ ಟೋಪಿ ಹಾಕಿಕೊಂಡ ಹೆಂಗಸರು, ಅವರ ಹಿಂದೆ ಇಬ್ಬರು ಗಂಡಸರು, ಕಂಬದ ಆಚೆಯಿಂದ ಬಂದರು. ಮೆಟ್ರೊ ಕೆಲಸದವರು. ಮುಂದಿದ್ದವಳು ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು, ಯಾರೂ ಹೇಳದೆಯೇ, ನಾನು ಎರಚಿದಲ್ಲೆಲ್ಲ ಚಿಮುಕಿಸುತ್ತ ಬಂದಳು.

“ನಾವು ಯಾದಗಿರಿ ಬಾಜೂನವ್ರು ರೀ” ಅಂದಳು. “ಇವತ್ತ ಅಮಾಸಿ ಅಂತ ಮುಂಜಾನಿಯಿಂದ ಮನಸಿಗೆ ಭಾಳ ಆಗಿತ್ತು. ರಜಾ ಕೊಡಲಿಲ್ಲ.”

ಹೋಳಿಗೆ ಮುರಿದು ಅತ್ತೆಯ ಬಾಯಿಗಿಟ್ಟೆ. ಈ ಸಲ ಬಾಯಿ ತೆರೆಯಿತು. ಅಗಿದರು, ನುಂಗಿದರು, ಇನ್ನೊಂದು ಚೂರಿಗೆ ತಾವೇ ಕೈ ಚಾಚಿದರು. ಬೆರಳಿನ ನಡುಕ ನಿಲ್ಲುವವರೆಗೂ ನಾನು ಆ ಕೈಯನ್ನೇ ನೋಡುತ್ತಿದ್ದೆ. ದನಿ ಮರಳಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಎಂದರೆ, ಉಪ್ಪು ಕಡಿಮೆ ಕಲಸಿದ್ದೀ ಎಂದು ನನ್ನನ್ನು ಬೈದದ್ದು. ಅಷ್ಟು ಖುಷಿಯಿಂದ ನಾನು ಯಾವ ಬೈಗುಳವನ್ನೂ ಕೇಳಿಸಿಕೊಂಡಿಲ್ಲ.

ಬುಟ್ಟಿ ಬಿಚ್ಚಿದೆವು. ಎಲ್ಲರೂ ಕಂಬದ ನೆರಳಲ್ಲಿ ಕೂತು ರೊಟ್ಟಿ ಮುರಿದರು. ಆಗಲೇ ಮುಂದಿನ ಲಾರಿ ಸರಿಯಿತೆಂದು ಕಾಣುತ್ತದೆ, ಬಸ್ಸು ಗುರುಗುಟ್ಟಿತು. ಟ್ರಾಫಿಕ್ಕಿನವನು ಬೇಲಿಯ ಸಂದಿನಲ್ಲಿ ತಲೆ ತೂರಿಸಿ, “ಓ ತಾಯಿ, ಗಾಡಿ ಕಾಢಾ!” ಎಂದು ಮರಾಠಿಯಲ್ಲಿ ಅರಚಿದ, ಕಾರು ತೆಗೆಯಿರಿ ಅಂತ. ಅರ್ಧ ದಿನ ಹೊರಗೆ ದಾರಿ ಕೊಡದ ಊರು ಈಗ ಒಳಗೆ ಕೂರಲೂ ಬಿಡುತ್ತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಎಲ್ಲ ನಿಂತೇ ಇರಲಿ ಎಂದು ಆ ರಸ್ತೆಯಲ್ಲಿ ನಾನು ಬೇಡಿಕೊಂಡದ್ದು ಅದೇ ಮೊದಲು.

ಅತ್ತೆಯನ್ನು ಎಬ್ಬಿಸುತ್ತ, “ಮುಂದಿನ ವರ್ಷಾನೂ ಇಲ್ಲೇ ಬರೋಣು ಅತ್ತೀ, ಹತ್ತಿರ ಆಗ್ತದ” ಅಂದೆ, ನಗಿಸಲಿಕ್ಕೆ.

ಯಾದಗಿರಿಯ ಹೆಂಗಸು ಕೈ ಒರೆಸಿಕೊಳ್ಳುತ್ತ ನೆಲ ನೋಡಿದಳು. “ಇಲ್ರೀ ಅಕ್ಕಾ. ನಾಳಿ ಇದರ ಮ್ಯಾಲ ಕಾಂಕ್ರೀಟ್ ಬೀಳ್ತದ. ನಾವೇ ಹಾಕೋರು.”

ಅತ್ತೆ ಬುಟ್ಟಿಯ ತಳದಲ್ಲಿ ಉಳಿದಿದ್ದ ಚೂರುಗಳನ್ನೆಲ್ಲ ಬಳಿದು ಮುಷ್ಟಿಗೆ ತೆಗೆದುಕೊಂಡರು, ಬಗ್ಗಿ ಕಂಬದ ಬುಡಕ್ಕೆ ಹಾಕಿ, ಅಂಗೈಯಿಂದ ಒತ್ತಿದರು.

“ಹಂಗಾದ್ರ ಉಂಡ ಹೋಗವಾ” ಎಂದು ಮಣ್ಣಿಗೆ ಅಂದರು.