ಹೊಗೆಯಿಲ್ಲದ ಊರಿನ ಪರದೆ

ಎದುರುಮನೆಯ ಗೇಟಿಗೆ ಇವತ್ತು ಬಣ್ಣ ಹೊಡೆಯುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಸತ್ತು ಮಲಗಿದ ಒಂದು ಮಧ್ಯಾಹ್ನ ನೆನಪಾಯಿತು. ಗಾಬರಿಯಾಗಬೇಡಿ, ಸತ್ತದ್ದು ನಾಟಕದಲ್ಲಿ.

ಎಂಬತ್ತರ ದಶಕದ ಆರಂಭ. ಚನ್ನಗಿರಿಯವನಾದ ನನ್ನನ್ನು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಮೇಷ್ಟ್ರಾಗಿ ಹಾಕಿದ್ದರು. ಊರಿನವರೇ ಬರೆದು ಆಡುವ ನಾಟಕದಲ್ಲಿ, ಯುದ್ಧದಲ್ಲಿ ಸಾಯುವ ರಾಜಕುಮಾರನ ಪಾತ್ರ ನನಗೆ ಸಿಕ್ಕಿತು. ಮುಖದ ಕಳೆ ನೋಡಿ ಕೊಟ್ಟರೆಂದು ಬೀಗಿದ್ದೆ. ನನ್ನ ಹಾಡು ಕೇಳಿದ ಮೇಲೆ ಬೇಗ ಸಾಯುವ ಪಾತ್ರವನ್ನೇ ಹುಡುಕಿದ್ದರೆಂದು ಆಮೇಲೆ ತಿಳಿಯಿತು.

ಯುದ್ಧಭೂಮಿಯ ಪರದೆ ಬರೆಯಲು ನ್ಯಾಮತಿಯಿಂದ ಈರಾಚಾರಿ ಬಂದರು. ಹೊನ್ನಾಳಿ ಕಡೆಯ ನಾಟಕದವರೆಲ್ಲ ಅವರ ಅರಮನೆ, ಉದ್ಯಾನಗಳ ಪರದೆಗಳನ್ನು ಹೊಗಳುತ್ತಿದ್ದರು. ಶಾಲೆಯ ಪಡಸಾಲೆಯಲ್ಲಿ ಬಟ್ಟೆ ಕಟ್ಟಿಕೊಂಡು ಅವರು ಬರೆದು ಮುಗಿಸಿದಾಗ ನಾವು ಕಣ್ಣು ಕಣ್ಣು ಬಿಟ್ಟೆವು. ಆನೆಯಿಲ್ಲ, ರಥವಿಲ್ಲ, ಗೆದ್ದವರೂ ಇಲ್ಲ. ಕೆಳಗೆ ಬಯಲಿನ ತುಂಬ ಮಣ್ಣಿಗೆ ಮುಖ ಹಾಕಿ ಬಿದ್ದವರು. ಮೇಲೊಂದು ಊರು, ಬಾಗಿಲು ಬಾಗಿಲಲ್ಲೂ ಹೆಂಗಸರು ಸುಮ್ಮನೆ ಕೂತಿದ್ದಾರೆ. ನನಗಂತೂ ಅದು ಅರ್ಧಕ್ಕೇ ಬಿಟ್ಟ ಚಿತ್ರದ ಹಾಗೆ ಕಂಡಿತು.

ನಾಟಕದ ಉಸ್ತುವಾರಿ ಹೊತ್ತಿದ್ದ ಪರಮೇಶಣ್ಣ ಕೇಳಿಯೇಬಿಟ್ಟ: "ಏನ್ರೀ ಆಚಾರ್ರೇ, ಹೊತ್ತು ಮುಳುಗೋದು ಬರ್ದೀರಿ. ಒಂದು ಮನೆಯಾಗೂ ಹೊಗೆ ಇಲ್ಲಲ್ರೀ? ಮರ್ತ್ರೇನು?"

"ಬಯಲಾಗೆ ಅಷ್ಟು ಹೆಣ ಬಿದ್ದಾವೆ. ಎತ್ತೋ ತನಕ ಒಲೆ ಹೆಂಗೆ ಹಚ್ತಾರ್ರೀ?" ಎಂದರು ಈರಾಚಾರಿ.

ಕೇರಿಯಲ್ಲೊಂದು ಹೆಣವಿದ್ದರೆ ಅದನ್ನು ಎತ್ತುವವರೆಗೆ ನಮ್ಮಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಪರಮೇಶಣ್ಣನಿಗೆ ಒಂದು ಆನೆಯಾದರೂ ಬೇಕಿತ್ತು.

ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ, ತಾಲೀಮಿನವರಿಗೆ ಚಹಾ ಕಾಯಿಸಿಕೊಡುತ್ತಿದ್ದವರು ತಿಪ್ಪಮ್ಮ. ಅವರ ಮಗ ಮಂಜಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಹೋದವನು. ಸತ್ತನೆಂದು ತಂತಿ ಬಂತು, ಹೆಣ ಬರಲಿಲ್ಲ. ಒಲೆ ಆರಿಸು ಎಂದು ಹಿರಿಯರು ಹೇಳಿದರೆ ತಿಪ್ಪಮ್ಮ, "ಹೆಣ ಎಲ್ಲೈತೆ ತೋರಿಸ್ರಿ, ಆರಸ್ತೀನಿ" ಎಂದು ರೊಟ್ಟಿ ತಟ್ಟುತ್ತಲೇ ಕೂತರಂತೆ. ಅಳಲಿಲ್ಲ, ತಿಥಿ ಮಾಡಲಿಲ್ಲ. ದಿನಾ ಸಂಜೆ ಮಗನಿಗೊಂದು ತಟ್ಟೆ ಎತ್ತಿಡುತ್ತಿದ್ದರು. ಕಲ್ಲೆದೆಯವಳು ಎಂದು ಊರು ಆಡಿಕೊಂಡಿತ್ತು.

ಭಾನುವಾರ ಮಧ್ಯಾಹ್ನ, ಟರ್ಪೆಂಟೈನ್ ವಾಸನೆ ಇನ್ನೂ ಆರದ ಹೊಸ ಪರದೆಯ ಮುಂದೆ ಮೊದಲ ತಾಲೀಮು. ನಾನು ಬಾಣ ತಗುಲಿ ಬಿದ್ದೆ. ನನ್ನ ಮೇಲೆ ಹಾಡುತ್ತಿದ್ದ ಶೋಕದ ಹಾಡು ಮುಗಿಯುವ ಲಕ್ಷಣವೇ ಇರಲಿಲ್ಲ. ನನಗೋ ಚಹಾದ ಚಿಂತೆ. ಅಷ್ಟರಲ್ಲಿ ಚೊಂಯ್ ಎಂದು ಸದ್ದಾಯಿತು. ಅರೆಗಣ್ಣು ಬಿಟ್ಟು ನೋಡಿದರೆ, ಉರಿಯುವ ಒಲೆಗೆ ತಿಪ್ಪಮ್ಮ ಕೊಡದ ನೀರು ಸುರಿದಿದ್ದಾರೆ. ಪರದೆಯನ್ನೇ ನೋಡುತ್ತ ಬಂದು ನನ್ನ ತಲೆಯ ಹತ್ತಿರ ಕೂತರು.

"ಎತ್ರಪ್ಪಾ," ಎಂದರು. "ಎಷ್ಟು ವರ್ಸ ಹಿಂಗೇ ಬಿಡ್ತೀರಿ ಇವನ್ನ? ಎತ್ರಿ."

ಎದ್ದು ಕೂತು "ಅಮ್ಮಾ, ನಾನು ಮೇಷ್ಟ್ರು" ಅನ್ನಲೇ? ಸತ್ತವನಾಗಿಯೇ ಇರಲೇ? ಕೊನೆಗೆ ಈರಾಚಾರಿ ಮುಂದೆ ಬಂದು ನನ್ನ ಬೆನ್ನಿನಡಿ ಕೈ ಹಾಕಿದರು. ಪರಮೇಶಣ್ಣ, ಇನ್ನಿಬ್ಬರು ಸೇರಿ ನನ್ನನ್ನು ಹೆಗಲ ಮೇಲೆ ಹೊತ್ತು ಅಂಗಳ ದಾಟಿದರು. ಅಂಟಿಸಿದ ಮೀಸೆ ಕಿತ್ತು ಮೂಗಿಗೆ ಬಂದಿತ್ತು, ಸೀನು ತಡೆದುಕೊಂಡೆ. ಹಿಂದಿನಿಂದ "ಮಂಜಾ, ನನ್ನಪ್ಪಾ" ಎಂಬ ಕೂಗು ಕೇಳಿತು. ಹೆಣ ಅಳಬಾರದು, ಗೊತ್ತು, ಅತ್ತುಬಿಟ್ಟೆ.

ತಿಪ್ಪಮ್ಮ ಬಾವಿಯ ಹತ್ತಿರ ತಲೆಗೆ ನೀರು ಹಾಕಿಕೊಂಡರು. ಒದ್ದೆ ಸೀರೆಯಲ್ಲೇ ಬಂದು, ಒಲೆಯ ಬೂದಿ ತೆಗೆದು, ಹೊಸ ಬೆಂಕಿ ಹಚ್ಚಿದರು. ಮೊದಲ ಲೋಟ ನನ್ನ ಮುಂದೆ ಹಿಡಿದು, "ಕುಡೀರಿ ಮೇಷ್ಟ್ರೇ, ನೀವು ಇದ್ದೀರಲ್ಲ" ಎಂದರು. ಹೊತ್ತದ್ದು ಯಾರನ್ನು ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೇ? ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಅಭಿನಯಕ್ಕೆ ಅವರು ಕರಗಿದರೆಂದು ಕೆಲವು ದಿನ ನಂಬಿದ್ದೂ ಉಂಟು. ಆಮೇಲೆ ಆ ಜಂಬ ಇಳಿದು ಗೊಂದಲ ಉಳಿಯಿತು. ಅಂದಿನಿಂದ ತಿಪ್ಪಮ್ಮ ಮಗನಿಗೆ ತಟ್ಟೆ ಎತ್ತಿಡಲಿಲ್ಲ. ನಾವು ಆ ತಾಯಿಯ ಭಾರ ಇಳಿಸಿದೆವೋ, ಇದ್ದೊಂದು ಆಸೆಯನ್ನು ಹೊತ್ತುಹಾಕಿ ಬಂದೆವೋ?

ನಾಟಕದ ದಿನ ಪರದೆ ಬಿಚ್ಚಿದಾಗ ಅಂಚಿನ ಒಂದು ಮನೆಯ ಮೇಲೆ ತೆಳ್ಳಗೆ ಹೊಗೆ ಎದ್ದಿತ್ತು. "ಇದ್ಯಾವಾಗ ಬರದ್ರೀ?" ಎಂದ ಪರಮೇಶಣ್ಣ.

"ಒಂದು ಹೆಣ ಎತ್ತಿದ್ವಲ್ರೀ," ಎಂದರು ಈರಾಚಾರಿ.

ಈಗ ಒಳಮನೆಯ ಟಿ.ವಿ.ಯಲ್ಲಿ ಎಲ್ಲಿಯದೋ ಯುದ್ಧ ತೋರಿಸುತ್ತಿದ್ದಾರೆ. ಊರಿಗೆ ಊರೇ ಹೊಗೆ. ಯಾರು ಗೆಲ್ಲುತ್ತಿದ್ದಾರೆ ಎಂದು ಮೊದಲೆಲ್ಲ ಕೇಳುತ್ತಿದ್ದೆ. ಇವತ್ತು ಎದ್ದು ಹೋಗಿ, ಪೆದ್ದನ ಹಾಗೆ ಟಿ.ವಿ.ಗೆ ಮುಖ ತಾಗಿಸಿ ಹುಡುಕುತ್ತಿದ್ದೇನೆ, ಅಷ್ಟು ಹೊಗೆಯಲ್ಲಿ ಒಲೆಯದ್ದು ಎಲ್ಲಾದರೂ ಇದೆಯೇ ಎಂದು.