ಆಡಕಿಯ ಮೀನುಗಾರರಿಗೆ ಎಚ್ಚರಿಕೆ

ಮುಂಜಾನೆ ಗಡ್ಡ ಹೆರೆದುಕೊಳ್ಳುವಾಗ ಟ್ರಾನ್ಸಿಸ್ಟರು ಕರಾವಳಿಯ ಮೀನುಗಾರರಿಗೆ ಎಚ್ಚರಿಕೆ ಕೊಡತೊಡಗಿದರೆ ನನ್ನ ಕೈ ತಾನಾಗಿ ನಿಂತುಬಿಡುತ್ತದೆ. ಅರ್ಧ ಗಲ್ಲ ನುಣುಪು, ಅರ್ಧ ಗಲ್ಲ ನೊರೆ, ಆ ಅರ್ಧನಾರೀಶ್ವರ ಸ್ಥಿತಿಯಲ್ಲಿ ಭಕ್ತಿಯಿಂದ ಕಿವಿಗೊಟ್ಟು ನಿಂತ ನನ್ನನ್ನು ನೋಡಿ ಹೆಂಡತಿ, "ನೀವೇನು ಸಮುದ್ರಕ್ಕ ಹೊಂಟೀರೇನ್ರಿ?" ಎಂದು ಕೇಳುತ್ತಾಳೆ. ಸೇಡಂನಲ್ಲಿ ಮನೆ ಮಾಡಿಕೊಂಡು, ಕಾಗಿಣಾ ನದಿಯಲ್ಲಿ ಮೊಳಕಾಲು ತೊಯ್ದರೂ ಕುಲದೇವರನ್ನು ನೆನೆಯುವ ನನಗೆ ಸಲ್ಲಬೇಕಾದ ಪ್ರಶ್ನೆಯೇ ಅದು. ಉತ್ತರಕ್ಕಾಗಿ ನಾನು ಆಡಕಿಯಲ್ಲಿ ಮಾಸ್ತರನಾಗಿದ್ದ ದಿನಗಳಿಗೆ ಹೋಗಬೇಕು. ಬನ್ನಿ, ನೊರೆ ಒಣಗುವುದರೊಳಗೆ ಹೋಗಿ ಬರೋಣ.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಹಳ್ಳಿಗರ ಜ್ಞಾನೋದಯಕ್ಕೆಂದು ಸರ್ಕಾರ ಪಂಚಾಯಿತಿಗೊಂದು ರೇಡಿಯೋ ದಯಪಾಲಿಸಿತ್ತು. ಊರಿಗೆ ಕರೆಂಟು ಬಂದಿರಲಿಲ್ಲವಾದ್ದರಿಂದ ಜ್ಞಾನವು ಬ್ಯಾಟರಿಯ ಮೇಲೆ ಉದಯಿಸುತ್ತಿತ್ತು. ಪೆಟ್ಟಿಗೆಗೆ ಜಾಲರಿ, ಜಾಲರಿಗೆ ಬೀಗ, ಬೀಗದ ಕೈ ನನ್ನ ಜನಿವಾರಕ್ಕೆ. ಪೂರ್ವಿಕರು ಗುಡಿಯ ಬಾಗಿಲು ತೆರೆದು ಗಳಿಸಿದ್ದ ಗೌರವವನ್ನು ನಾನು ರೇಡಿಯೋದ ಬಾಗಿಲು ತೆರೆದು ಗಳಿಸಿದೆ. ನೈವೇದ್ಯವೊಂದು ಮಾತ್ರ ಕಡಿಮೆ.

ಸಂಜೆ ಕಟ್ಟೆಯ ಮೇಲೆ ಊರೇ ನೆರೆಯುತ್ತಿತ್ತು. ವಾರ್ತೆಯ ಬಾಲಕ್ಕೆ ಹವಾಮಾನ, ಹವಾಮಾನದ ಬಾಲಕ್ಕೆ ಮೀನುಗಾರರಿಗೆ ಎಚ್ಚರಿಕೆ. ಪಂಚಾಯಿತಿ ಅಧ್ಯಕ್ಷರಾದ ಶರಣಪ್ಪಗೌಡರಿಗೆ ಅದು ಕರ್ಣಶೂಲ, ಏಕೆಂದರೆ ಅದೇ ಹೊತ್ತಿಗೆ ಹೈದರಾಬಾದಿನಿಂದ ಸಿನಿಮಾ ಹಾಡುಗಳು ಬರುತ್ತಿದ್ದವು. "ಏ ಮಾಸ್ತರ, ಆ ಮೀನಿನವರ ಉಸಾಬರಿ ನಮಗ್ಯಾಕ್ರಿ? ಹೈದರಾಬಾದ್ ಹಚ್ರಿ, ಹಾಡು ಹೋಗಾಕತ್ತಾವ!" ಎಂದು ಅವರು ಗದರಿದರೆ ನಾನು ಕಿವಿ ತಿರುವುತ್ತಿದ್ದೆ, ರೇಡಿಯೋದ್ದು.

ಹೀಗೆ ತಿರುವಲು ಹೋದ ಒಂದು ಸಂಜೆ ಹಿಂದಿನಿಂದ ಮಹಬೂಬಬಿ ಎದ್ದು ನಿಂತಳು. ಅವಳ ಗಂಡ ರಸೂಲಸಾಬ ಶಹಾಬಾದಿನ ಫರಸಿ ಕಲ್ಲು ಹಾಸುವವನು. ಕಾರವಾರದ ಕಡೆ ಯಾವುದೋ ಗೋದಾಮಿಗೆ ನೆಲ ಹಾಸಲು ಹೋದವನು, ಕೆಲಸ ಮುಗಿದ ಮೇಲೆ ಅಲ್ಲೇ ಮೀನಿನ ದೋಣಿ ಹತ್ತಿಬಿಟ್ಟನೆಂದು ಜೊತೆಗಾರರು ಬಂದು ಹೇಳಿದ್ದರು. ಅವನಿಗೆ ಈಜು ಬಾರದೆಂಬುದು ಇಡೀ ಊರಿಗೆ ಗೊತ್ತಿತ್ತು.

"ಅದೊಂದು ಕೇಳಿಸ್ರಿ ಮಾಸ್ತರ," ಎಂದಳು. "ಇಳೀಬ್ಯಾಡ್ರಿ ಅಂತ ರೇಡಿಯೋ ಹೇಳಿದ ದಿನ ಅವ್ರು ದಂಡಿಮ್ಯಾಗ ಇರ್ತಾರ. ಅವತ್ತೊಂದಿನ ನನಗ ನಿದ್ದಿ ಹತ್ತತದ."

ಅಲ್ಲಿಂದ ನಮ್ಮೂರಿನ ಬುದ್ಧಿ ತಿರುಗಿತು. ಸಮುದ್ರ ಶಾಂತವಾಗಿದ್ದರೆ ಮಹಬೂಬಬಿಗೆ ಜಾಗರಣೆ, ಬಿರುಗಾಳಿ ಎದ್ದರೆ ಸುಖನಿದ್ರೆ. ಆದ್ದರಿಂದ ಸಮುದ್ರದ ಮುಖವನ್ನೇ ಕಾಣದ ತೊಗರಿ ಹೊಲದ ಜನ ದಿನಾಲೂ ಅರಬ್ಬಿ ಸಮುದ್ರಕ್ಕೆ ಕೇಡು ಬಯಸತೊಡಗಿದರು. ಹನುಮಂತನ ಗುಡಿಯಲ್ಲೂ ದರ್ಗಾದಲ್ಲೂ ಒಂದೇ ಹರಕೆ. ಸರ್ವಧರ್ಮ ಸಮನ್ವಯವೆಂದು ಹಿರಿಯರು ಹೇಳುತ್ತಿದ್ದುದು ಪ್ರಾಯಶಃ ಇದೇ ಇರಬೇಕು. ಎಚ್ಚರಿಕೆ ಬಂದರೆ ಕಟ್ಟೆಯ ಮೇಲೆ "ಶಾಬಾಸ್!" ಎಂಬ ಉದ್ಗಾರ. ಬಾರದಿದ್ದರೆ ಗೌಡರು ನನ್ನನ್ನೇ ಗುರುಗುಟ್ಟಿ ನೋಡಿ, "ಇನ್ನೊಂಚೂರು ತಿರುವ್ರಿ, ಬ್ಯಾರೆ ಸ್ಟೇಷನ್ನಿನಾಗ ಗಾಳಿ ಎದ್ದಿದ್ದೀತು," ಎನ್ನುವರು.

ಅಷ್ಟರಲ್ಲಿ ಬ್ಯಾಟರಿ ಸೊರಗಿತು. ಹೊಸದು ತಾಲೂಕು ಕಚೇರಿಯಿಂದ ಬರಬೇಕು, ಅಂದರೆ ಯಾವಾಗಲೋ ಬರಬೇಕು. ವಾರ್ತಾವಾಚಕನ ದನಿ ದಿನೇ ದಿನೇ ಬಾವಿಯೊಳಕ್ಕೆ ಇಳಿಯಹತ್ತಿತು. ಆಗ ಗೌಡರು ಹಾಡು ಬಂದ್ ಮಾಡಿಸಿದರು. "ಹಾಡು ಎಲ್ಲಿ ಓಡಿ ಹೋಗ್ತಾವ? ಇದ್ದ ಬ್ಯಾಟರಿ ಆಕೀಗಿರಲಿ," ಎಂದರು. ರೇಡಿಯೋ ಎಚ್ಚರಿಕೆಯ ಹೊತ್ತಿಗೆ ಬಾಯಿ ತೆರೆದು, ಅದು ಮುಗಿದೊಡನೆ ಮುಚ್ಚುತ್ತಿತ್ತು. ಹಾಡಿಗಾಗಿ ನನ್ನ ಪ್ರಾಣ ಹಿಂಡಿದ್ದ ಆ ಮನುಷ್ಯನ ಮೇಲೆ ಅಂದು ನನಗೆ ನಿಜವಾಗಿ ಪ್ರೀತಿ ಉಕ್ಕಿತು.

ಹೊಸ ಬ್ಯಾಟರಿಗಿಂತ ಮೊದಲು ರಸೂಲಸಾಬನೇ ಬಂದ. ಸಂಜೆಯ ಬಸ್ಸಿಳಿದು, ಕಪ್ಪಗೆ ಕರಕಲಾಗಿ, ಮೀನಿನ ವಾಸನೆಯ ಗಂಟು ಹೊತ್ತು ನೇರ ಕಟ್ಟೆಗೆ ಬಂದು ನಿಂತ. ರೇಡಿಯೋ ಅವನನ್ನು ಹೇಗೆ ಕಾಯಿತೆಂದು ಗೌಡರು ಎದೆಯುಬ್ಬಿಸಿ ವರ್ಣಿಸಿದರು. ಅವನು ನಕ್ಕುಬಿಟ್ಟ.

"ಎಲ್ಲೀ ರೇಡಿಯೋ ತೆಗೀರಿ ಗೌಡ್ರ! ನಮ್ಮ ದೋಣಿಯವರು ಅದರ ಮಾತು ಯಾವಾಗ ಕೇಳ್ಯಾರ? ಗಾಳಿ ಎದ್ದಾಗ ಮೀನು ಭಾಳ ಸಿಗತಾವಂತ ಬೇಕಂತಲೇ, ಮುದ್ದಾಂ ಹೋಗ್ತಿದ್ವಿ."

ಮಹಬೂಬಬಿ ನೆಮ್ಮದಿಯಿಂದ ಮಲಗಿದ ದಿನಗಳಂದೇ ಅವನು ತೆರೆಗಳ ಬಾಯಲ್ಲಿದ್ದ. ನಾವೆಲ್ಲ ಹರಕೆ ಹೊತ್ತು ತರಿಸಿಕೊಂಡದ್ದು ಅವನ ಮೇಲಿನ ಬಿರುಗಾಳಿಯನ್ನೇ. ಮಹಬೂಬಬಿ ಅಳಲಿಲ್ಲ. "ಬ್ಯಾಡ ಅಂದ್ರೂ ಹೋದ್ರಿ?" ಎಂದಷ್ಟೇ ಕೇಳಿ, ಗಂಟನ್ನು ಕಸಿದುಕೊಂಡು ಮನೆಗೆ ನಡೆದಳು.

ಮರುಸಂಜೆ ಅವಳು ಗಂಡನನ್ನೂ ಕರೆತಂದು ರೇಡಿಯೋದ ಮುಂದೆಯೇ ಕೂಡಿಸಿದಳು. ಬಾವಿಯೊಳಗಿನ ದನಿ ಎಚ್ಚರಿಕೆ ಓದಿತು.

"ಕೇಳಿದ್ರಿಲ್ಲ?"

"ಕೇಳ್ದೆ."

"ಇಳೀತೀರೇನು?"

ಸಮುದ್ರದಿಂದ ಅಷ್ಟು ದೂರದಲ್ಲಿ, ಕರಿಮಣ್ಣಿನ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತ ರಸೂಲಸಾಬ ತಲೆ ತಗ್ಗಿಸಿ, "ಇಲ್ಲ," ಎಂದ. ಯಾರೂ ನಗಲಿಲ್ಲ. ಎಚ್ಚರಿಕೆ ಬಂದ ಪ್ರತಿ ಸಂಜೆಯೂ ಹೀಗೇ ನಡೆಯಿತು. ಹೊಸ ಬ್ಯಾಟರಿ ಬಂದ ಮೇಲೂ, ಆ "ಇಲ್ಲ" ಕಿವಿಗೆ ಬೀಳುವತನಕ ಗೌಡರು ಹಾಡು ಕೇಳಲಿಲ್ಲ.

ನೊರೆ ಒಣಗಿತು. ಇವತ್ತೂ ಹೆಂಡತಿ ಅದೇ ಪ್ರಶ್ನೆ ಕೇಳಿದಳು. ಈ ಕತೆಯನ್ನೆಲ್ಲ ಅವಳಿಗೆ ಹೇಳಿಮುಗಿಸಿ ಮತ್ತೆ ಕನ್ನಡಿಯ ಕಡೆ ತಿರುಗಿದೆ. ಹಾಡು ಹಚ್ಚಲು ಟ್ರಾನ್ಸಿಸ್ಟರಿನ ಮೇಲೆ ಕೈಯಿಟ್ಟಿದ್ದವಳು ಏಕೋ ತಿರುವದೆ ನಿಂತಿದ್ದಳು.

"ಇಲ್ಲ," ಎಂದೆ.

ಆಮೇಲೆ ತಿರುವಿದಳು.