ಕಾರಿನಲ್ಲೇ ಉಳಿದ ಬುತ್ತಿ

ಪುಣೆಯ ಸುತ್ತಲಿನ ವಾಡೆಗಳೆಂಬ ಹಳೆಯ ದೊಡ್ಡ ಮನೆಗಳನ್ನು, ಕೋಟೆಗಳನ್ನೆಲ್ಲ ನೋಡಿದ್ದೇನೆಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ನೋಡಿದ್ದು ಅವುಗಳ ಮುಂದಿನ ಮರದ ನೆರಳನ್ನು. ಧಾರವಾಡದ ಕಡೆಯವರಾದ ನಮಗೆ ಇತಿಹಾಸಕ್ಕಿಂತ ಮೊದಲು ಬುತ್ತಿ ಬಿಚ್ಚಬೇಕು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಆಮೇಲೆ ಅಪ್ಪನ ನಿದ್ದೆ. ಅಷ್ಟರಲ್ಲಿ ಕಾವಲುಗಾರ ಬಾಗಿಲು ಹಾಕಿರುತ್ತಿದ್ದ.

ಲೋಣಾವಳಾ ದಾರಿಯ ಒಂದು ವಾಡೆಯ ಮೇಲ್ಮಹಡಿ ನೋಡಬೇಕೆಂದು ಅಮ್ಮ ಎರಡು ಸಲ ಹೋಗಿ ಹೀಗೇ ಮರಳಿದ್ದಳು. ಮೂರನೆಯ ಸಲ ಅಪ್ಪ ಆಲದ ಕೆಳಗೆ ಚಾದರ ಹಾಸಿ ಕೂತು, "ಬುತ್ತಿ ತಗೀ. ವಾಡೆ ಎಲ್ಲಿ ಓಡಿಹೋಗ್ತದ?" ಎಂದ.

"ಬುತ್ತಿ ಕಾರಿನ್ಯಾಗ ಅದ ರೀ. ಕೀಲಿ ನನ್ನ ಹತ್ರ ಅದ. ನಾ ಮ್ಯಾಲ ಹೊಂಟೀನಿ. ಹಸಿದವ್ರು ಹಿಂದ ಬರ್ರಿ."

ಹಸಿವೆಯೇ ಅಪ್ಪನನ್ನು ಮೊದಲ ಬಾರಿಗೆ ಒಂದು ಸ್ಮಾರಕದ ಮೆಟ್ಟಿಲು ಹತ್ತಿಸಿತು. ಮೇಲೆ ಕೆತ್ತನೆಯ ಕಂಬಗಳಿದ್ದವೆಂದು ಬರೆಯಲು ಕೈ ಹೋಗುತ್ತದೆ, ಆದರೆ ಅವು ಟಿಕೆಟ್ ಕಿಟಕಿಯ ಪಕ್ಕದ ಚಿತ್ರದಲ್ಲಿದ್ದ ಕಂಬಗಳೂ ಆಗಿರಬಹುದು. ಅಮ್ಮ ಒಂದೊಂದು ಕಿಟಕಿಯಲ್ಲೂ ಬೇಕಾದಷ್ಟು ಹೊತ್ತು ನಿಂತದ್ದು ಮಾತ್ರ ಖಾತ್ರಿ.

"ಇನ್ನೂ ಎಷ್ಟ್ ಕಿಟಕಿ ಅವ?" ಎಂದು ಅಪ್ಪ ಕೇಳಿದ.

"ಭಾಳ ಅವ ರೀ. ಬುತ್ತಿ ಎಲ್ಲಿ ಓಡಿಹೋಗ್ತದ?" ಎನ್ನುತ್ತ ಅಮ್ಮ ಮುಂದಿನ ಕಿಟಕಿಗೆ ನಡೆದಳು.